ಓದಿನ ಜೊತೆಗೆ ಇನ್ನೇನು ಮಾಡಲಿ?

ಸಂಶೋಧನೆಗೆ ಸೇರಿದ ಹೊಸಬರು ನನ್ನ ಕೋಣೆಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಓದಿನ ಜೊತೆಗೆ ಇನ್ನೇನು ಮಾಡಿದರೆ ಬಯೋಡೇಟಾಕ್ಕೆ ಒಳ್ಳೆಯದು?" ಬಯೋಡೇಟಾ ಪಕ್ಕಕ್ಕಿಡಿ, ನಿಮ್ಮ ಅರೆಬೆಂದ ವಿಚಾರವನ್ನು ನಾಲ್ಕು ಜನ ಕೆದಕಿ ನೋಡುವ ಜಾಗ ಎಲ್ಲಿದೆ ಹುಡುಕಿ ಅನ್ನುತ್ತೇನೆ.

ನನ್ನ ಮೊದಲ ಮತ ಜರ್ನಲ್ ಕ್ಲಬ್‌ಗೆ, ಅಂದರೆ ಸಂಶೋಧನಾ ಪೇಪರುಗಳನ್ನು ಒಟ್ಟಿಗೆ ಕೂತು ಓದಿ ಚರ್ಚಿಸುವ ಗುಂಪಿಗೆ. ವೈದ್ಯ ವಿಲಿಯಂ ಆಸ್ಲರ್ 1875ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದ್ದು, ಒಬ್ಬರ ಕೈಗೆ ಎಟುಕದ ಪತ್ರಿಕೆಗಳನ್ನು ಹಂಚಿಕೊಂಡು ಓದಲಿಕ್ಕೆ. ಈಗ ಪೇಪರುಗಳಿಗೆ ಬರವಿಲ್ಲ, ಕೂತು ಓದುವವರಿಗೆ ಬರ. ನಮ್ಮ ಕ್ಲಬ್ಬಿನಲ್ಲಿ ಒಮ್ಮೆ ಒಬ್ಬ ವಿದ್ಯಾರ್ಥಿ ಗ್ರಾಫ್ ತೋರಿಸಿ, ಹೊಸ ವಿಧಾನದ ಫಲಿತಾಂಶ ಎಷ್ಟೋ ಮೇಲು ಎಂದ. ತೆರೆಯ ಮೇಲೆ ಎರಡನೇ ಕಂಬ ಮೊದಲನೆಯದರ ದುಪ್ಪಟ್ಟು ಎತ್ತರವಿತ್ತು, ನಿಜ. ಅಲ್ಲಿಯವರೆಗೆ ಬಾಯಿಬಿಡದೆ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿ ಕೇಳಿದಳು, "ಕಂಬ ಸೊನ್ನೆಯಿಂದ ಎದ್ದಿಲ್ಲವಲ್ಲ?" ನೋಡಿದರೆ ಅಕ್ಷ ಶುರುವಾದದ್ದು 90ರಿಂದ, ಒಂದು ಕಂಬ 92, ಇನ್ನೊಂದು 94. ಅವತ್ತಿನಿಂದ ಆಕೆ ಮೂಲೆ ಬಿಟ್ಟು ಮುಂದಿನ ಸಾಲಿಗೆ ಬಂದಳು.

ಇದರ ಮುಂದಿನ ಮೆಟ್ಟಿಲು ಪೇಪರ್ ವಿಮರ್ಶೆ, ಅಂದರೆ ಪ್ರಕಟವಾಗುವ ಮುಂಚೆ ಬೇರೆಯವರ ಪೇಪರನ್ನು ಪರಿಶೀಲಿಸಿ ಅಭಿಪ್ರಾಯ ಬರೆಯುವುದು. ಜರ್ನಲ್‌ನಿಂದ ವಿಮರ್ಶೆಗೆ ಬಂದ ಹಸ್ತಪ್ರತಿಯನ್ನು ವಿದ್ಯಾರ್ಥಿಗೆ ದಾಟಿಸಿ, ಆತ ಬರೆದದ್ದನ್ನು ತಮ್ಮ ಹೆಸರಲ್ಲೇ ಕಳಿಸುವ ಮಾರ್ಗದರ್ಶಕರು ಬೇಕಾದಷ್ಟಿದ್ದಾರೆ. (ಹಿಂದೆ ನಾನೂ ಮಾಡಿದ್ದೇನೆ. ಅದು ತಪ್ಪು.) ಸರಿಯಾದ ದಾರಿ ಬೇರೆ: ಮೊದಲು ಸಂಪಾದಕರ ಒಪ್ಪಿಗೆ ಪಡೆಯಬೇಕು, ಜೊತೆಗೆ ಕೆಲಸ ಮಾಡಿದವರ ಹೆಸರು ತಿಳಿಸಬೇಕು. ಇದನ್ನು ಕೇಳಲು ಸಂಕೋಚ ಬೇಡ. ಆದರೆ ಹಸ್ತಪ್ರತಿ ಗೋಪ್ಯ, ಗೆಳೆಯರಿಗೂ ತೋರಿಸುವಂತಿಲ್ಲ.

ಮಾತಾಡಲು ಅಂಜುವವರಿಗೆ ಮೂರು ನಿಮಿಷದ ಪ್ರಬಂಧ (ತ್ರೀ ಮಿನಿಟ್ ಥೀಸಿಸ್) ಸ್ಪರ್ಧೆ ಇದೆ: ನಿಮ್ಮ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ ಹೇಳಬೇಕು. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಒಂದೇ ಸ್ಲೈಡ್, ಅದರಲ್ಲಿ ಏನೂ ಅಲುಗಾಡಬಾರದು. ಬಹುಮಾನದ ಆಸೆ ಇಟ್ಟುಕೊಳ್ಳದಿದ್ದರೂ ಒಮ್ಮೆ ತಯಾರಿ ಮಾಡಿ ನೋಡಿ. "ನನ್ನ ವಿಷಯ ಇದು" ಎಂದು ಹೇಳುವುದಕ್ಕೇ ಎರಡು ನಿಮಿಷ ಹಿಡಿಯಿತು ಅಂದರೆ, ವಿಷಯ ನಿಮಗೇ ಇನ್ನೂ ತಿಳಿಯಾಗಿಲ್ಲ.

ಸಮ್ಮೇಳನಗಳಲ್ಲಿ ಸ್ವಯಂಸೇವಕರಾದ ವಿದ್ಯಾರ್ಥಿಗಳಿಗೆ ಎಷ್ಟೋ ಕಡೆ ನೋಂದಣಿ ಶುಲ್ಕ ಮಾಫಿ. ನೋಂದಣಿ ಮೇಜಿಗಿಂತ ಮೈಕ್ ಒಯ್ಯುವ ಕೆಲಸ ಕೇಳಿ ಪಡೆಯಿರಿ. ಪ್ರಶ್ನೆ ಕೇಳುವವರ ಪಕ್ಕದಲ್ಲೇ ನಿಂತಿರುತ್ತೀರಿ. ಗ್ರಂಥಸೂಚಿಯಲ್ಲಿ ಮಾತ್ರ ಕಂಡ ಹೆಸರುಗಳಿಗೆ ಮುಖ ಸಿಗುತ್ತದೆ, ಚಹಾ ವಿರಾಮದಲ್ಲಿ ಮಾತು ಶುರುಮಾಡಲು ನೆಪವೂ ಆಯಿತು.

ವಿದ್ಯಾರ್ಥಿ ಸಂಘ, ಇಲಾಖೆಯ ಸಮಿತಿಗಳೂ ಇವೆ. ಫೆಲೋಶಿಪ್ ತಡವಾದಾಗ, ಗ್ರಂಥಾಲಯದ ಸಮಯ ಕಡಿತವಾದಾಗ ದನಿ ಎತ್ತಲು ಯಾರಾದರೂ ಬೇಕಲ್ಲ. ಆದರೆ ಹೂಂ ಅನ್ನುವ ಮುಂಚೆ ಎರಡು ಮಾತು ಕೇಳಿಬಿಡಿ: ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳಿಗೆ ಮುಗಿಯುತ್ತದೆ? "ಅಷ್ಟೇನಿಲ್ಲ, ಆಗಾಗ ಸ್ವಲ್ಪ" ಎಂಬ ಉತ್ತರ ಬಂದರೆ, ಆ ವರ್ಷ ನಿಮ್ಮ ಮೂರನೇ ಅಧ್ಯಾಯ ಮುಗಿಯುವುದಿಲ್ಲ.