ಆದಾಯಕ್ಕಲ್ಲದ ಸುಂಕ

ಬಂದರಿನಲ್ಲಿ ಸರಕು ಬಿಡಿಸಿಕೊಡುವುದು ನನ್ನ ಕಸುಬು. ಹೊಸ ಆಮದುದಾರರು ಮೊದಲು ಕೇಳುವುದು ಸುಂಕದ ದರವನ್ನು. ನಾಲ್ಕು ಕಂಟೈನರ್ ಬಿಡಿಸಿಕೊಂಡ ಮೇಲೆ ಪ್ರಶ್ನೆ ಬದಲಾಗುತ್ತದೆ: "ಎಲ್ಲ ಸೇರಿ ಎಷ್ಟು ಬೀಳುತ್ತದೆ?" ಆಮದು ಸುಂಕದ ದರ ಮಂಗಳೂರಿನಲ್ಲೂ ಚೆನ್ನೈಯಲ್ಲೂ ಒಂದೇ. ಒಟ್ಟು ಖರ್ಚು ಮಾತ್ರ ಒಂದೇ ಅಲ್ಲ. ಇದನ್ನು ವಿವರಿಸುವಾಗಲೆಲ್ಲ ನನಗೆ 1757ರ ಚೀನಾ ನೆನಪಾಗುತ್ತದೆ.

ಕಾಂಗ್‌ಶಿ ಚಕ್ರವರ್ತಿ 1684ರಲ್ಲಿ ಸಮುದ್ರ ವ್ಯಾಪಾರದ ನಿಷೇಧವನ್ನು ತೆಗೆದ ಬೆನ್ನಿಗೆ ಗ್ವಾಂಗ್‌ಡಾಂಗ್, ಫುಜಿಯಾನ್, ಜೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳಲ್ಲಿ ನಾಲ್ಕು ಸುಂಕದ ಕಚೇರಿಗಳು ತೆರೆದವು. ಕಾಲಕ್ರಮದಲ್ಲಿ ಯುರೋಪಿನ ಹಡಗುಗಳು ಬಹುಪಾಲು ದಕ್ಷಿಣದ ಗ್ವಾಂಗ್‌ಡಾಂಗ್‌ನ ಕ್ಯಾಂಟನ್‌ಗೆ (ಇಂದಿನ ಗ್ವಾಂಗ್‌ಜೌ) ಒಗ್ಗಿಕೊಂಡವು. ಒಗ್ಗಿಕೊಂಡವು ಎಂದರೆ ಸುಖವಾಗಿದ್ದವು ಎಂದಲ್ಲ.

ಅಲ್ಲಿ ಹಡಗಿನ ಉದ್ದ ಮತ್ತು ಅಗಲವನ್ನು ಅಳೆದು ಅಳತೆ ಸುಂಕ ಹಾಕುತ್ತಿದ್ದರು. ಸರಕಿನ ಸುಂಕ ಬೇರೆ. ಇವೆರಡರ ಮೇಲೆ ಹಡಗು ದೊಡ್ಡದಿರಲಿ ಚಿಕ್ಕದಿರಲಿ, 1950 ಟೇಲ್ ಬೆಳ್ಳಿಯ 'ಕಾಣಿಕೆ'. ಇಂದಿನ ತೂಕದಲ್ಲಿ ಅದು 70 ಕಿಲೋ ದಾಟುತ್ತದೆ. ಮೈಸೂರು ಸೀಮೆಯ ಶ್ರೀಗಂಧ ಹೊತ್ತು ಹೋದ ಹಡಗೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಕಾಣಿಕೆಯ ಹುಟ್ಟು ಸ್ವಾರಸ್ಯವಾಗಿದೆ. ಅಳೆಯುವವನಿಗಿಷ್ಟು, ಗುಮಾಸ್ತನಿಗಿಷ್ಟು, ಕಾವಲಿನವನಿಗಿಷ್ಟು ಎಂದು ಸಲ್ಲುತ್ತಿದ್ದ ಬಿಡಿ ಮೊತ್ತಗಳನ್ನು 1720ರ ದಶಕದಲ್ಲಿ ಒಟ್ಟುಗೂಡಿಸಿ ಸರಕಾರಿ ಲೆಕ್ಕಕ್ಕೆ ಸೇರಿಸಿದರು. ಮಾಮೂಲಿಗೆ ರಸೀದಿ ಕೊಟ್ಟ ಹಾಗಾಯಿತು. ಆಮೇಲೆ ಹೊಸ ಮಾಮೂಲು ಹುಟ್ಟಿಕೊಂಡಿತು. ಹುಟ್ಟದೆ ಇರುತ್ತದೆಯೇ?

ಕ್ಯಾಂಟನ್‌ನ ನದಿಯ ಬಾಯಲ್ಲಿದ್ದ ಪೋರ್ಚುಗೀಸರ ಮಕಾವ್‌ಗೆ ನ್ಯಾಯ ಬೇರೆ. ಅಲ್ಲಿ ನೋಂದಾಯಿಸಿದ ಹಡಗುಗಳ ಅಳತೆ ಸುಂಕ ಕಡಿಮೆ. ಆ ರಿಯಾಯಿತಿ ಬೆಳೆದು ಕ್ಯಾಂಟನ್ ಅನ್ನು ನುಂಗದಿರಲೆಂದು 1725ರಲ್ಲಿ ಹಡಗುಗಳ ಸಂಖ್ಯೆಗೆ 25ರ ಮಿತಿ ಹಾಕಿದರು.

1755ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಉತ್ತರದಲ್ಲಿ, ಜೆಜಿಯಾಂಗ್ ಪ್ರಾಂತದ ನಿಂಗ್‌ಬೋ ಬಂದರಿಗೆ ಹಡಗು ಕಳುಹಿಸಿತು. ಜೊತೆಗಿದ್ದವನು ಚೀನೀ ಭಾಷೆ ಕಲಿತ ಜೇಮ್ಸ್ ಫ್ಲಿಂಟ್. ನಿಂಗ್‌ಬೋದಲ್ಲಿ ವಸೂಲಿ ಕಡಿಮೆ. ರೇಷ್ಮೆ ಬೆಳೆಯುವ ಸೀಮೆ ಪಕ್ಕದಲ್ಲೇ, ಚಹಾ ಸೀಮೆಯೂ ಕ್ಯಾಂಟನ್‌ಗಿಂತ ಹತ್ತಿರ. ಮರುವರ್ಷವೂ ಹಡಗು ಬಂತು.

ಚಿಯಾನ್‌ಲಾಂಗ್ ಚಕ್ರವರ್ತಿ ಮೊದಲು ನಿಷೇಧ ಹೇರಲಿಲ್ಲ. ಜೆಜಿಯಾಂಗ್‌ನ ಸುಂಕವನ್ನು ಕ್ಯಾಂಟನ್‌ಗಿಂತ ಭಾರವಾಗಿಸಿದ. ಲಾಭವಿಲ್ಲದ ಕಡೆಗೆ ವ್ಯಾಪಾರಿ ತಾನಾಗಿಯೇ ಬರುವುದಿಲ್ಲ, ಉದ್ದೇಶ ಆದಾಯ ಹೆಚ್ಚಿಸುವುದಲ್ಲ ಎಂದು ಆಜ್ಞೆಯಲ್ಲೇ ಹೇಳಿದ. ಸುಂಕದ ಆದೇಶಗಳಲ್ಲಿ ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಕಂಡಿರುವುದು ಅಪರೂಪ. ಆದರೆ ಲೆಕ್ಕ ತಪ್ಪಿತ್ತು. ಕ್ಯಾಂಟನ್‌ನ ಭಾರ ಇದ್ದದ್ದು ದರಪಟ್ಟಿಯೊಳಗಲ್ಲ, ಅದರ ಹೊರಗೆ. ನಿಂಗ್‌ಬೋದ ಪಟ್ಟಿಯನ್ನು ಏರಿಸಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಫ್ಲಿಂಟ್ 1757ರಲ್ಲಿ ಮತ್ತೆ ಬಂದ, ಹೆಚ್ಚಿನ ಸುಂಕ ಕೊಡಲು ತಯಾರಾಗಿಯೇ.

ಆಗ ಪ್ರಾಂತಾಧಿಕಾರಿ ಯಾಂಗ್ ಯಿಂಗ್‌ಜುವಿನ ವರದಿ ಹೋಯಿತು. ಆತ ಹಿಂದೆ ಕ್ಯಾಂಟನ್ ಕಡೆಯಲ್ಲೇ ಅಧಿಕಾರದಲ್ಲಿದ್ದವನು. ವರ್ಷದ ಕೊನೆಗೆ ಪಾಶ್ಚಾತ್ಯ ಹಡಗುಗಳು ಕ್ಯಾಂಟನ್‌ಗೆ ಮಾತ್ರ ಬರಬೇಕೆಂಬ ಆಜ್ಞೆ ಹೊರಟಿತು. ಚೀನೀ ಹಡಗುಗಳ ಸಮುದ್ರ ವ್ಯಾಪಾರ ಉಳಿದ ಬಂದರುಗಳಲ್ಲಿ ಎಂದಿನಂತೆ ನಡೆಯಿತು. ಚೀನಾ ಬಾಗಿಲು ಮುಚ್ಚಿತು ಎನ್ನುವವರು ಇದನ್ನು ಮರೆಯುತ್ತಾರೆ. ಆಜ್ಞೆಯಲ್ಲಿ ಕರಾವಳಿ ರಕ್ಷಣೆಯ ಮಾತಿದೆ, ಗ್ವಾಂಗ್‌ಡಾಂಗ್ ಜನರ ಜೀವನೋಪಾಯದ ಮಾತಿದೆ. ನನ್ನ ಕಣ್ಣು ನಿಲ್ಲುವುದು ಗಾನ್‌ಜೌ, ಶಾವ್‌ಜೌ ಎಂಬ ಎರಡು ಒಳನಾಡಿನ ಸುಂಕದ ಕಟ್ಟೆಗಳ ಮೇಲೆ. ಇದರಿಂದ ಅವಕ್ಕೂ ಅನುಕೂಲ ಎನ್ನುತ್ತದೆ ಆಜ್ಞೆ. ಚಹಾ ಮತ್ತು ರೇಷ್ಮೆ ಹೊಳೆ ದಾಟಿ, ಕೂಲಿಗಳ ಹೆಗಲೇರಿ, ಮೈಲಿಂಗ್ ಕಣಿವೆ ಹತ್ತಿ ಇಳಿದು ಕ್ಯಾಂಟನ್ ಸೇರುವ ದಾರಿಯಲ್ಲಿ ಈ ಕಟ್ಟೆಗಳಿದ್ದವು. ಸರಕು ನಿಂಗ್‌ಬೋದಲ್ಲೇ ಹಡಗೇರಿದರೆ ಅಲ್ಲಿ ವಸೂಲಿ ಮಾಡುವುದು ಯಾರಿಂದ? ಮುಂದೆ 1817ರಲ್ಲಿ ಚಹಾವನ್ನು ಸಮುದ್ರದ ಮೂಲಕ ಕ್ಯಾಂಟನ್‌ಗೆ ಸಾಗಿಸುವುದನ್ನೂ ನಿಷೇಧಿಸಿದರು.

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಫ್ಲಿಂಟ್‌ಗೆ ಗೊತ್ತಿರಲಾರದು, ಆದರೆ ಪಾಠ ಗೊತ್ತಿತ್ತು. 1759ರಲ್ಲಿ ಅವನು ಟಿಯಾಂಜಿನ್‌ಗೆ ಹೋಗಿ ಚಕ್ರವರ್ತಿಗೇ ದೂರು ಮುಟ್ಟಿಸಿದ. ವಿಚಾರಣೆ ನಡೆದು ಕ್ಯಾಂಟನ್‌ನ ಸುಂಕದ ಮುಖ್ಯಾಧಿಕಾರಿ ಲಿ ಯೊಂಗ್‌ಬ್ಯಾವ್ ಹುದ್ದೆ ಕಳೆದುಕೊಂಡ. ಫ್ಲಿಂಟ್‌ಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ಅರ್ಜಿ ಬರೆಯಲು ನೆರವಾದ ಲಿಯು ಯಾಬಿಯಾನ್‌ಗೆ ಮರಣದಂಡನೆ. ಅರ್ಜಿ ಬರೆದುಕೊಡುವುದೂ ನನ್ನ ಕಸುಬಿನ ಭಾಗವೇ ಆದ್ದರಿಂದ ಈ ಸಾಲನ್ನು ದಾಟಿ ಮುಂದೆ ಹೋಗುವುದು ನನಗೆ ಪ್ರತಿ ಸಲವೂ ಕಷ್ಟ.

ಅಫೀಮು ಯುದ್ಧದ ನಂತರ, 1842ರ ನಾನ್‌ಜಿಂಗ್ ಒಪ್ಪಂದದಿಂದ ಐದು ಬಂದರುಗಳು ತೆರೆದವು. ಐದಕ್ಕೂ ಒಂದೇ ದರಪಟ್ಟಿ. 1844ರ ಜನವರಿಯಲ್ಲಿ ನಿಂಗ್‌ಬೋ ಕೂಡ ತೆರೆಯಿತು. ಹಡಗುಗಳು ಅದರ ಪಕ್ಕದಿಂದ ಹಾದು ಶಾಂಘೈಗೆ ಹೋದವು.