ಇಪ್ಪತ್ತೈದು ಚದರ ಮೀಟರ್ ರಾಗಿ

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದೆ. ತುಮಕೂರು ಕಡೆಯ ಊರು ನಮ್ಮದು. ಅವತ್ತು ಚಿಕ್ಕಪ್ಪನ ಹೊಲದಲ್ಲಿ ಬೆಳೆ ಕಟಾವು ಪ್ರಯೋಗ ಇತ್ತು, ಅಂದರೆ ಸ್ವಲ್ಪ ಜಾಗದ ಬೆಳೆ ಕೊಯ್ದು ಇಳುವರಿ ಅಳೆಯುವ ಕೆಲಸ. ಗ್ರಾಮ ಲೆಕ್ಕಿಗರು ಟೇಪು, ಹಗ್ಗ, ನಾಲ್ಕು ಗೂಟ, ಒಂದು ತಕ್ಕಡಿ ತಂದಿದ್ದರು. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು ಮೊಬೈಲ್ ನೋಡಿದರು. ಅದರಲ್ಲಿ ಎರಡು ಸಂಖ್ಯೆ ಇದ್ದವು. ಒಂದರಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದರಷ್ಟು ಹೆಜ್ಜೆ ಅಡ್ಡಕ್ಕೆ ನಡೆದರು. ಕಾಲು ನಿಂತಲ್ಲೇ ಮೊದಲ ಗೂಟ ಹೊಡೆದರು.

"ಸಾರ್, ಇಲ್ಲಿ ಬೇಡ. ಆ ಕಡೆ ನೋಡಿ, ಪೂರ್ತಿ ಒಣಗಿದೆ, ಅಲ್ಲಿ ಹಾಕಿ" ಅಂದರು ಚಿಕ್ಕಪ್ಪ.

"ಆಗಲ್ಲ ಗೌಡ್ರೇ. ನಂಬರ್ ಎಲ್ಲಿ ಬಂತೋ ಅಲ್ಲೇ."

5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿದರು. ಒಳಗಿನ ತೆನೆ ಕೊಯ್ದು, ಬಡಿದು, ತೂರಿ, ಕಾಳು ತೂಗುವುದು ಕೆಲಸ. ಇಪ್ಪತ್ತೈದು ಚದರ ಮೀಟರ್ ಅಂದರೆ ಹೆಕ್ಟೇರಿನ ನಾನೂರನೇ ಒಂದು ಪಾಲು. ಹಾಗಾಗಿ ಹಗ್ಗದೊಳಗೆ 1 ಕಿಲೋ ಸಿಕ್ಕರೆ ಹೆಕ್ಟೇರಿಗೆ 4 ಕ್ವಿಂಟಲ್ ಅಂತ ಲೆಕ್ಕ. ತಕ್ಕಡಿ 100 ಗ್ರಾಂ ಆಚೀಚೆ ಆದರೂ ಹೆಕ್ಟೇರಿಗೆ 40 ಕಿಲೋ ಆಚೀಚೆ ಆಗುತ್ತದೆ.

ಬೆಳೆ ವಿಮೆಯ ಲೆಕ್ಕಕ್ಕೆ ಬೇಕಾದದ್ದು ಈ ತೂಕ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ನಮ್ಮಲ್ಲಿ ಗ್ರಾಮ ಪಂಚಾಯಿತಿಯೇ ಘಟಕ. ಒಂದು ಪಂಚಾಯಿತಿಗೆ ಒಂದು ಬೆಳೆಯಲ್ಲಿ ಕನಿಷ್ಠ ನಾಲ್ಕು ಪ್ರಯೋಗ ಮಾಡಬೇಕು. ಅವುಗಳ ಸರಾಸರಿ ನಿಗದಿ ಮಾಡಿದ ಮಟ್ಟಕ್ಕಿಂತ ಕಡಿಮೆ ಬಂದರೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ, ಇಲ್ಲದಿದ್ದರೆ ಆ ಲೆಕ್ಕದಲ್ಲಿ ಯಾರಿಗೂ ಇಲ್ಲ. ಬದುವಿನ ಮೇಲೆ ಕೂತು ಚಿಕ್ಕಪ್ಪ ಕೇಳಿದರು: "ಪಂಚಾಯ್ತೀಲಿ ನೂರಾರು ಎಕರೆ ರಾಗಿ ಐತೆ. ನಾಕೇ ನಾಕು ಕಡೆ ಕುಯ್ದು ಎಲ್ಲಾರ ಹಣೆಬರಹ ಬರೀತಾರಲ್ಲಪ್ಪ, ಇದ್ಯಾವ ಲೆಕ್ಕ?"

ಕಾಲೇಜಿನ ಸಂಖ್ಯಾಶಾಸ್ತ್ರದ ಮೊದಲ ವರ್ಷದಲ್ಲಿ ಕಲಿಸುವುದೇ ಈ ಲೆಕ್ಕ. ನಾರ್ಮಲ್ ಡಿಸ್ಟ್ರಿಬ್ಯೂಶನ್ ಅನ್ನುವ ಹೆಸರು ಕೇಳಿಯೇ ಎಷ್ಟೋ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಅದನ್ನು ಹೊಲದಲ್ಲಿ ನಿಂತೇ ಹೇಳಬಹುದಿತ್ತು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಮೊದಲು ಚೌಕಾಬಾರ ನೆನಪು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಕವಡೆ ಇರಲಿಲ್ಲ. ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ನಾಲ್ಕು ಬೀಜ ಹಾಕಿದಾಗ ನಾಲ್ಕೂ ಬಿಳಿ ಬಿದ್ದರೆ ಚೌಕ. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎರಡು ಬಿದ್ದೂ ಬಿದ್ದೂ ಬೇಜಾರಾಗುತ್ತಿತ್ತು, ಅಲ್ವಾ? ಅದಕ್ಕೆ ಕಾರಣ ಇದೆ. ಎರಡೂ ಬದಿ ಸಮನಾಗಿ ಬೀಳುತ್ತವೆ ಅಂದುಕೊಂಡರೆ ನಾಲ್ಕು ಬೀಜ ಬೀಳುವ ರೀತಿ ಒಟ್ಟು 16. ಎಲ್ಲ ಬಿಳಿ ಬರುವುದು ಅದರಲ್ಲಿ ಒಂದೇ ಒಂದು ರೀತಿ. ಎಲ್ಲ ಕಪ್ಪು ಬರುವುದೂ ಒಂದೇ. ಎರಡು ಬಿಳಿ, ಎರಡು ಕಪ್ಪು ಮಾತ್ರ ಆರು ರೀತಿಯಲ್ಲಿ ಬರಬಹುದು. ಒಂದು ಬಿಳಿ ಅಥವಾ ಮೂರು ಬಿಳಿ ಬರುವುದಕ್ಕೆ ನಾಲ್ಕು ನಾಲ್ಕು ರೀತಿ. 1, 4, 6, 4, 1. ನಡುವೆ ಎತ್ತರ, ಎರಡೂ ಕಡೆ ಇಳಿಜಾರು.

ಈಗ ನಾಲ್ಕರ ಬದಲು ಹದಿನಾರು ಬೀಜ ತೆಗೆದುಕೊಳ್ಳಿ. ಬೀಳುವ ರೀತಿಗಳು 65,536. ಎಲ್ಲ ಬಿಳಿ ಆಗುವುದು ಈಗಲೂ ಒಂದೇ ಒಂದು ರೀತಿಯಲ್ಲಿ. ಆದರೆ ಎಂಟು ಬಿಳಿ ಆಗುವುದಕ್ಕೆ 12,870 ದಾರಿಗಳು! ಆರರಿಂದ ಹತ್ತರೊಳಗೆ ಬೀಳುವ ಸಾಧ್ಯತೆಯೇ ನೂರಕ್ಕೆ 79. ಇದನ್ನು ಕಾಗದದ ಮೇಲೆ ಗುರುತು ಹಾಕುತ್ತಾ ಹೋದರೆ ದೇವಸ್ಥಾನದ ಗಂಟೆಯನ್ನು ಕವುಚಿಟ್ಟಂಥ ಆಕಾರ ಬರುತ್ತದೆ. ಬೀಜಗಳು ಜಾಸ್ತಿ ಆದಷ್ಟೂ ಈ ಆಕಾರ ನುಣುಪಾಗುತ್ತದೆ. ಆ ನುಣುಪಾದ ಗಂಟೆಯೇ ನಾರ್ಮಲ್ ಡಿಸ್ಟ್ರಿಬ್ಯೂಶನ್. ಇದಕ್ಕೆ ಒಂದು ಸೂತ್ರವನ್ನು ಮೊದಲು ಹುಡುಕಿದ್ದು ಅಬ್ರಹಾಂ ಡಿ ಮಾವ್ರ್, 1733ರಲ್ಲಿ. ಫ್ರಾನ್ಸ್ ಬಿಟ್ಟು ಲಂಡನ್ನಿಗೆ ಬಂದು, ಪಾಠ ಹೇಳಿಕೊಂಡು, ಜೂಜಿನ ಲೆಕ್ಕ ಬಿಡಿಸಿಕೊಡುತ್ತಾ ಬದುಕಿದ ಮನುಷ್ಯ ಆತ. ನಾಣ್ಯ ಚಿಮ್ಮುವ ಲೆಕ್ಕ ಮಾಡುತ್ತಾ ಮಾಡುತ್ತಾ ಈ ರೇಖೆ ಸಿಕ್ಕಿತು.

ಹೊಲದ ಇಳುವರಿಯೂ ಹೀಗೆಯೇ. ಬೀಜ ಚೆನ್ನಾಗಿತ್ತೋ ಇಲ್ಲವೋ, ಗೊಬ್ಬರ ಎಷ್ಟು ಬಿತ್ತು, ಸಮಯಕ್ಕೆ ಮಳೆ ಬಂತೋ, ಕಳೆ ಕಿತ್ತಿದ್ದರೋ, ಹಂದಿ ನುಗ್ಗಿತೋ. ಒಂದೊಂದೂ ಒಂದೊಂದು ಹುಣಸೆ ಬೀಜ. ಎಲ್ಲವೂ ಒಳ್ಳೆಯದೇ ಆಗುವುದು ಅಪರೂಪ, ಎಲ್ಲವೂ ಕೆಡುವುದೂ ಅಪರೂಪ. ಜಾಸ್ತಿ ಹೊಲಗಳು ನಡುವೆ ಎಲ್ಲೋ ಬಂದು ನಿಲ್ಲುತ್ತವೆ. ಒಂದು ಭಾರಿ ಕಾರಣ ಎಲ್ಲವನ್ನೂ ಒಟ್ಟಿಗೆ ಎಳೆದರೆ, ಉದಾಹರಣೆಗೆ ಅರ್ಧ ಪಂಚಾಯಿತಿಗೆ ಮಾತ್ರ ಮಳೆ ಬಂದರೆ, ಗಂಟೆಯ ಆಕಾರ ಕೆಡುತ್ತದೆ. ಅದೂ ನಿಜವೇ.

ಈಗ ಒಂದು ಲೆಕ್ಕ ಮಾಡೋಣ. ಒಂದು ಪಂಚಾಯಿತಿಯಲ್ಲಿ ಹಗ್ಗದ ಚೌಕಕ್ಕೆ ಸರಾಸರಿ 5 ಕಿಲೋ ರಾಗಿ ಇದೆ ಅಂದುಕೊಳ್ಳಿ. ಹೊಲದಿಂದ ಹೊಲಕ್ಕೆ ಇರುವ ಏರುಪೇರು, ಅಂದರೆ ಮಾನಕ ವಿಚಲನೆ, 1 ಕಿಲೋ. ಗಂಟೆಯ ಆಕಾರದಲ್ಲಿ ನೂರಕ್ಕೆ 68 ಚೌಕಗಳು 4ರಿಂದ 6 ಕಿಲೋ ಒಳಗೆ ಬರುತ್ತವೆ. ಉಳಿದ 32 ಎರಡೂ ಕಡೆಗೆ ಹಂಚಿಹೋಗುತ್ತವೆ. ಹಾಗಾದರೆ ಕಣ್ಣು ಮುಚ್ಚಿ ಒಂದು ಚೌಕ ಆರಿಸಿದರೆ ಅದರಲ್ಲಿ 4 ಕಿಲೋಗಿಂತ ಕಡಿಮೆ ಸಿಗುವ ಸಾಧ್ಯತೆ ನೂರಕ್ಕೆ 16.

ನಾಲ್ಕು ಚೌಕಗಳ ಸರಾಸರಿ 4 ಕಿಲೋಗಿಂತ ಕಡಿಮೆ ಬರುವ ಸಾಧ್ಯತೆ ಎಷ್ಟು? ಪರೀಕ್ಷೆಯಲ್ಲಿ ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಅದೂ 16 ಅಂತ ಬರೆದುಬಿಡುತ್ತಾರೆ. ಆದರೆ ಯೋಚಿಸಿ. ಸರಾಸರಿ ಅಷ್ಟು ಕೆಳಗೆ ಇಳಿಯಬೇಕಾದರೆ ಒಂದು ಹೊಲ ಕೆಟ್ಟರೆ ಸಾಲದು. ಒಂದು ಕೆಟ್ಟರೆ ಇನ್ನೊಂದು ಚೆನ್ನಾಗಿದ್ದು ಅದನ್ನು ಮೇಲೆತ್ತುತ್ತದೆ. ಹೆಚ್ಚುಕಡಿಮೆ ನಾಲ್ಕೂ ಒಟ್ಟಿಗೆ ಕೆಡಬೇಕು, ಬಾರ ಬಿದ್ದ ಹಾಗೆ. ಅದಕ್ಕೇ ಸರಾಸರಿಯ ಏರುಪೇರು ಒಂಟಿ ಹೊಲದ ಏರುಪೇರಿಗಿಂತ ಕಡಿಮೆ. ಎಷ್ಟು ಕಡಿಮೆ ಅನ್ನುವುದಕ್ಕೆ ಖಚಿತವಾದ ನಿಯಮ ಇದೆ: ಪ್ರಯೋಗಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ನಾಲ್ಕರ ವರ್ಗಮೂಲ ಎರಡು. 1 ಕಿಲೋ ಇದ್ದದ್ದು ಅರ್ಧ ಕಿಲೋ ಆಯಿತು. ಈಗ 4 ಕಿಲೋ ಅನ್ನುವುದು ಎರಡು ವಿಚಲನೆ ಕೆಳಗಿದೆ. ಸಾಧ್ಯತೆ ನೂರಕ್ಕೆ ಸುಮಾರು 2 ಮಾತ್ರ. ಹದಿನಾರು ಚೌಕ ಕೊಯ್ದರೆ ಲಕ್ಷಕ್ಕೆ ಮೂರು.

ಚೌಕಗಳು ಕೆಲವೇ ಆದರೂ ಅವು ಇಷ್ಟು ಮಾತಾಡುತ್ತವೆ ಅನ್ನುವುದು ನನಗೆ ಈಗಲೂ ಬೆರಗು. ಆದರೆ ಚಿಕ್ಕಪ್ಪನ ಅನುಮಾನ ಸುಮ್ನೆ ಅಲ್ಲ. ಅದೇ ನಿಯಮವನ್ನು ಇನ್ನೊಂದು ಕಡೆಯಿಂದ ನೋಡಿ. ಪರಿಹಾರದ ಗಡಿ 4 ಕಿಲೋ ಇದೆ ಅನ್ನಿ. ಬೆಳೆ ನಿಜವಾಗಿಯೂ ಕೆಟ್ಟಿದೆ, ಪಂಚಾಯಿತಿಯ ನಿಜವಾದ ಸರಾಸರಿ 3.8 ಕಿಲೋ. ನ್ಯಾಯವಾಗಿ ಪರಿಹಾರ ಬರಬೇಕು. ನಾಲ್ಕು ಪ್ರಯೋಗಗಳ ಸರಾಸರಿಯ ವಿಚಲನೆ ಅರ್ಧ ಕಿಲೋ ಇರುವುದರಿಂದ, ಅದು ಸುಮ್ನೆ ಆಕಸ್ಮಿಕವಾಗಿ 4 ಕಿಲೋ ದಾಟುವ ಸಾಧ್ಯತೆ ನೂರಕ್ಕೆ 34! ಮೂರರಲ್ಲಿ ಒಂದು ಸಲ ರೈತರು ಬರಿಗೈಯಲ್ಲಿ ಉಳಿಯುತ್ತಾರೆ. ಯಾರೂ ಮೋಸ ಮಾಡಿರುವುದಿಲ್ಲ, ತಕ್ಕಡಿಯೂ ಸರಿಯಾಗಿಯೇ ಇರುತ್ತದೆ. ಹದಿನಾರು ಪ್ರಯೋಗ ಮಾಡಿದರೆ ಇದು 21ಕ್ಕೆ ಇಳಿಯುತ್ತದೆ. 2ಕ್ಕೆ ಇಳಿಸಬೇಕಾದರೆ ನೂರು ಪ್ರಯೋಗ ಬೇಕು. ವರ್ಗಮೂಲ ಹೀಗೆ ಬಿಗಿ ಕೈಯದು. ಏರುಪೇರು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಕೆಲಸ ಕೇಳುತ್ತದೆ. ಪಂಚಾಯಿತಿಗೆ ನಾಲ್ಕು ಅನ್ನುವುದು ಬಹಳ ಕಡಿಮೆ ಅಂತ ನಾನು ಒಪ್ಪುತ್ತೇನೆ. ಬೆಳೆ ಪೂರ್ತಿ ಹೋದಾಗ ನಾಲ್ಕು ಸಾಕು. ಗಡಿಯ ಹತ್ತಿರ ಇರುವಾಗ ಸಾಲದು.

ಈ ಲೆಕ್ಕವೆಲ್ಲ ನಿಂತಿರುವುದು ಯಾರ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದ ಹಾಗೆ ಬಂದ ಆ ಮೊಬೈಲಿನ ಎರಡು ಸಂಖ್ಯೆಗಳ ಮೇಲೆ. ಒಣಗಿದ ಕಡೆಯೇ ಹಗ್ಗ ಕಟ್ಟಿದರೆ, ಅಥವಾ ರಸ್ತೆ ಪಕ್ಕದ ಹೊಲ ಸುಲಭ ಅಂತ ಅಲ್ಲೇ ಕೊಯ್ದರೆ, ಯಾವ ವರ್ಗಮೂಲವೂ ಕಾಪಾಡುವುದಿಲ್ಲ. ಒಂದೇ ಕೆರೆಯ ಕೆಳಗಿನ ನಾಲ್ಕು ಹೊಲ ಆರಿಸಿದರೂ ಅಷ್ಟೇ. ನೀರು ಒಂದೇ, ಮಣ್ಣು ಒಂದೇ. ನಾಲ್ಕು ಪ್ರಯೋಗ ಅಂತ ಹೆಸರು, ತೂಕ ಒಂದರದ್ದು. ಇದನ್ನು ನಮ್ಮ ದೇಶದಲ್ಲಿ ಬಹಳ ಬೇಗ ಅರ್ಥ ಮಾಡಿಕೊಂಡವರಿದ್ದರು. 1920ರ ದಶಕದಲ್ಲಿ ಜಾನ್ ಹಬ್ಬಾಕ್ ಅನ್ನುವ ಐಸಿಎಸ್ ಅಧಿಕಾರಿ ಬಿಹಾರ ಮತ್ತು ಒರಿಸ್ಸಾದ ಭತ್ತದ ಗದ್ದೆಗಳಲ್ಲಿ ಹೀಗೆ ಚೀಟಿ ಎತ್ತಿದ ಹಾಗೆ ಜಾಗ ಆರಿಸಿ ಕೊಯ್ಲು ಮಾಡಿಸಿದರು. 1937ರಿಂದ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಗೆ ಇದೇ ರೀತಿಯ ಮಾದರಿ ಸಮೀಕ್ಷೆ ನಡೆಸಿದರು.

ಮಹಲನೋಬಿಸ್ ಅವರ ತಂಡ ಕೊಯ್ಯುತ್ತಿದ್ದದ್ದು ಸಣ್ಣ ಸಣ್ಣ ವೃತ್ತಗಳನ್ನು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಇದಕ್ಕೆ ಆಕ್ಷೇಪ ಎತ್ತಿದರು. ಕೊಯ್ಯುವ ಜಾಗ ಸಣ್ಣದಾದರೆ ಇಳುವರಿ ನಿಜಕ್ಕಿಂತ ಜಾಸ್ತಿ ಬರುತ್ತದೆ ಅಂತ 1940ರ ದಶಕದಲ್ಲಿ ತೋರಿಸಿದರು. ಕಾರಣ ಹಗ್ಗ. ಹಗ್ಗದ ಮೇಲೆಯೇ ನಿಂತ ಪೈರು ಒಳಗಿನದೋ ಹೊರಗಿನದೋ? ಅನುಮಾನ ಬಂದಾಗ ಕೈ ತಾನಾಗಿಯೇ ಒಳಗೆ ಸೇರಿಸಿಕೊಳ್ಳುತ್ತದೆ. 5 ಮೀಟರ್ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಹಗ್ಗ. 1 ಮೀಟರ್ ಚೌಕದಲ್ಲಿ ಒಂದೇ ಚದರ ಮೀಟರಿಗೆ 4 ಮೀಟರ್ ಹಗ್ಗ. ಜಾಗಕ್ಕೆ ಹೋಲಿಸಿದರೆ ಅಂಚು ಐದು ಪಟ್ಟು, ತಪ್ಪಿಗೆ ಅವಕಾಶವೂ ಅಷ್ಟೇ. ಇಂಥ ತಪ್ಪು ಒಂದೇ ಕಡೆಗೆ ವಾಲುತ್ತದೆ. ಸಾವಿರ ಚೌಕ ಕೊಯ್ದರೂ ಒಂದನ್ನೊಂದು ಹೊಡೆದುಹಾಕುವುದಿಲ್ಲ.

ಅವತ್ತು ಚಿಕ್ಕಪ್ಪನ ಹೊಲದಲ್ಲೂ ಒಂದು ಪೈರು ಸರಿಯಾಗಿ ಹಗ್ಗದ ಕೆಳಗೇ ನಿಂತಿತ್ತು. ತೆನೆ ಒಳಗೆ ವಾಲಿತ್ತು. ಕೊಯ್ಯುವ ಹೆಂಗಸು ಕುಡುಗೋಲು ಹಾಕಲು ಹೋದರು. ಲೆಕ್ಕಿಗರು ತಡೆದು, ಕೂತು, ಮಣ್ಣು ಕೆದಕಿ ಬುಡ ನೋಡಿದರು. ಬುಡ ಹೊರಗಿತ್ತು. "ಇದು ಬಿಡಮ್ಮ" ಅಂದರು.

ಕಾಳು 4 ಕಿಲೋ 300 ಗ್ರಾಂ ತೂಗಿತು. ಹೆಕ್ಟೇರಿಗೆ 17.2 ಕ್ವಿಂಟಲ್. ಲೆಕ್ಕಿಗರು ಮೊಬೈಲಿನಲ್ಲಿ ಬರೆದುಕೊಂಡು ಹಗ್ಗ ಸುತ್ತಿದರು. ಚಿಕ್ಕಪ್ಪ ಅವರ ಜೊತೆ ಬೈಕಿನ ತನಕ ನಡೆದುಹೋಗಿ ಕೇಳಿದರು: "ಸಾರ್, ನಮ್ಮದು ಒಂದಾಯ್ತು. ಇನ್ನು ಮೂರು ಯಾವ್ಯಾವ ಸರ್ವೆ ನಂಬರಲ್ಲಿ ಬಂದವೆ?"