ವಾರಸುದಾರರಿಲ್ಲದ ವಾಹನ ಅಂದ್ರೆ ಏನು, ಕೊನೆಗೆ ಅದು ಎಲ್ಲಿಗೆ ಹೋಗುತ್ತೆ?

ಬೆಂಗಳೂರಲ್ಲಿ ಯಾವ ಬಡಾವಣೆಗೆ ಹೋದ್ರೂ ಒಂದಾದ್ರೂ ಕಣ್ಣಿಗೆ ಬೀಳುತ್ತೆ. ನಾಲ್ಕೂ ಟೈರ್ ಗಾಳಿ ಹೋಗಿ, ಗಾಜೆಲ್ಲ ಧೂಳು ಹಿಡಿದು, ಅಡಿಯಲ್ಲಿ ಕಸ ಸೇರ್ಕೊಂಡು ನಿಂತಿರೋ ಹಳೇ ಕಾರು. ಪೊಲೀಸ್ ಪ್ರಕಟಣೆ, ಪೇಪರ್ ಸುದ್ದಿಗಳಲ್ಲಿ ಇಂಥದ್ದಕ್ಕೆ "ವಾರಸುದಾರರಿಲ್ಲದ ವಾಹನ" ಅಂತಾರೆ. ಆದ್ರೆ ನಿಜವಾಗ್ಲೂ ಯಾರೂ ಇಲ್ಲ ಅಂತಲ್ಲ, ಆರ್‌ಸಿಲಿ ಒಬ್ಬರ ಹೆಸರು ಇದ್ದೇ ಇರುತ್ತೆ, ಅವರು ಮುಂದೆ ಬಂದಿಲ್ಲ ಅಷ್ಟೇ.

ಯಾಕೆ ಬಿಟ್ಟು ಹೋಗ್ತಾರೆ ಅಂದ್ರೆ, ರಿಪೇರಿ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ ಆಗಿರುತ್ತೆ, ಇಲ್ಲಾ ಓನರ್ ತೀರ್ಕೊಂಡು ಮಕ್ಕಳು ಯಾರೂ ಹೆಸರಿಗೆ ಮಾಡಿಸ್ಕೊಂಡಿರಲ್ಲ, ಇಲ್ಲಾ ಬೇರೆ ರಾಜ್ಯದ ರಿಜಿಸ್ಟ್ರೇಷನ್ ಇರೋ ಗಾಡಿ ಇಲ್ಲೇ ಬಿಟ್ಟು ಊರು ಬಿಟ್ಟಿರ್ತಾರೆ.

ಕಾನೂನು ಏನನ್ನುತ್ತೆ ಅಂದ್ರೆ, 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟು ಹೋದ ಗಾಡಿನ ಟೋ ಮಾಡಿಸೋಕೆ ಇಲ್ಲಾ ಚಕ್ರಕ್ಕೆ ಲಾಕ್ ಹಾಕ್ಸೋಕೆ ಯೂನಿಫಾರ್ಮಲ್ಲಿರೋ ಪೊಲೀಸ್ ಅಧಿಕಾರಿಗೆ ಅಧಿಕಾರ ಇದೆ. ಸುಟ್ಟು ಹೋಗಿ, ಅರ್ಧ ಬಿಚ್ಚಿಹೋಗಿ ಸಂಚಾರಕ್ಕೆ ಅಪಾಯ ಆಗಿದ್ರೆ ತಕ್ಷಣ ತೆಗೆಸಬಹುದು. ಟೋಯಿಂಗ್ ಖರ್ಚೂ ಓನರ್ ತಲೆ ಮೇಲೇನೇ, ದಂಡ ಬೇರೆ.

ಎತ್ತೋಕೆ ಮುಂಚೆ ನಂಬರ್, ಚಾಸಿಸ್ ನಂಬರ್ ನೋಡಿ ಕಳ್ಳತನದ್ದಾ, ಯಾವುದಾದ್ರೂ ಕೇಸಲ್ಲಿ ಬೇಕಾಗಿರೋದಾ ಅಂತ ಚೆಕ್ ಮಾಡ್ತಾರೆ, ಗಾಜಿಗೆ ನೋಟಿಸ್ ಅಂಟಿಸ್ತಾರೆ, ಆರ್‌ಸಿ ವಿಳಾಸ ಹುಡುಕ್ತಾರೆ. ಕೆಲಸ ನಿಲ್ಲೋದು ಇಲ್ಲೇ, ಯಾಕಂದ್ರೆ ಆ ವಿಳಾಸದ ಮನೆ ಖಾಲಿ ಮಾಡಿ ಎಷ್ಟೋ ವರ್ಷ ಆಗಿರುತ್ತೆ. ಯಾರೂ ಸಿಗದಿದ್ರೆ ವಿಷಯ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತೆ, ಹಕ್ಕು ಇರೋರು 6 ತಿಂಗಳೊಳಗೆ ಬನ್ನಿ ಅಂತ ಪ್ರಕಟಣೆ ಹೊರಡಿಸಬಹುದು, ಆಮೇಲೂ ಯಾರೂ ಬರ್ಲಿಲ್ಲ ಅಂದ್ರೆ ಹರಾಜು, ಹರಾಜಿಂದ ಗುಜರಿ.

ಠಾಣೆ ಮುಂದೆ ತುಕ್ಕು ಹಿಡಿದು ರಾಶಿ ಬಿದ್ದಿರೋ ಗಾಡಿಗಳನ್ನ ಇದರ ಜೊತೆ ಸೇರಿಸಬೇಡಿ, ಅವುಗಳಲ್ಲಿ ಬಹಳಷ್ಟು ಕೇಸಿನ ಮುದ್ದೆಮಾಲು (ಅಂದ್ರೆ ಕೇಸಿಗೋಸ್ಕರ ಪೊಲೀಸರು ವಶಪಡಿಸ್ಕೊಂಡಿರೋ ವಸ್ತು), ಓನರ್ ಯಾರು ಅಂತ ಗೊತ್ತಿದ್ರೂ ಕೇಸ್ ಮುಗಿಯೋವರೆಗೂ ಅಲ್ಲೇ ಕೂತಿರುತ್ತೆ. ಹಾಗೆ ವರ್ಷಗಟ್ಟಲೆ ಇಡಬೇಡಿ, ಫೋಟೋ ತೆಗೆದು ಬಾಂಡ್ ಬರೆಸ್ಕೊಂಡು ಬಿಟ್ಟುಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಇಷ್ಟು ವರ್ಷ ಆದ್ರೂ ಆ ರಾಶಿ ಕರಗದೇ ಇರೋದು ನೋಡಿದ್ರೆ ಬೇಜಾರಾಗುತ್ತೆ.

ನನಗೆ ಮುಖ್ಯ ಅನ್ಸೋದು ಓನರ್ ವಿಷಯ. ಬೀದೀಲಿ ಬಿಟ್ಟ ಮಾತ್ರಕ್ಕೆ ಗಾಡಿ ನಿಮ್ಮ ಕೈ ಬಿಡಲ್ಲ. ಮಾರಿದ್ರೂ ಆರ್‌ಸಿ ಹೆಸರು ಬದಲಾಯಿಸದೇ ಇದ್ರೆ, ಅಪಘಾತ ಆದಾಗ ದಾಖಲೇಲಿ ಇರೋರೇ ಹೊಣೆ ಅಂತ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಓಡಿಸೋಕೇ ಆಗದ ಸ್ಥಿತಿಗೆ ಬಂದ್ರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ ಆರ್‌ಸಿ ಕಳಿಸಬೇಕು ಅಂತ ಅದೇ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಸರಿಯಾದ ದಾರಿ ಅಂದ್ರೆ 2021ರ ನಿಯಮದ ಪ್ರಕಾರ ನೋಂದಣಿ ಆಗಿರೋ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡೋದು. ಅಲ್ಲಿ ಪೆಟ್ರೋಲು, ಆಯಿಲ್, ಬ್ಯಾಟರಿ, ಎಸಿ ಗ್ಯಾಸ್ ಮೊದಲು ತೆಗೆದು ಆಮೇಲೆ ಕತ್ತರಿಸ್ತಾರೆ, ಇಲ್ಲಾಂದ್ರೆ ಅದೆಲ್ಲ ಸೋರಿ ಮಣ್ಣಿಗೆ, ಮೋರಿಗೆ ಹೋಗುತ್ತೆ. ಗಾಡಿ ಒಪ್ಪಿಸಿದ್ದಕ್ಕೆ ಡೆಪಾಸಿಟ್ ಸರ್ಟಿಫಿಕೇಟ್ ಕೊಡ್ತಾರೆ, ಅದು ತೋರಿಸಿದ್ರೆ ಹೊಸ ಖಾಸಗಿ ಗಾಡಿ ತಗೊಳ್ಳುವಾಗ ವಾಹನ ತೆರಿಗೇಲಿ ಗರಿಷ್ಠ 25% ವರೆಗೂ ರಿಯಾಯಿತಿ ಕೊಡೋಕೆ ಕೇಂದ್ರ ಸರ್ಕಾರದ ನಿಯಮದಲ್ಲಿ ಅವಕಾಶ ಇದೆ.

ನಿಮ್ಮ ರಸ್ತೇಲಿ ಇಂಥ ಗಾಡಿ ಇದ್ರೆ ನಂಬರ್, ಜಾಗ, ಫೋಟೋ ಸಮೇತ ಹತ್ತಿರದ ಟ್ರಾಫಿಕ್ ಠಾಣೆಗೆ ತಿಳಿಸಿ. ಯಾರದ್ದೂ ಅಲ್ವಲ್ಲ ಅಂತ ಬ್ಯಾಟರಿ, ಚಕ್ರ ಬಿಚ್ಕೊಂಡು ಹೋದ್ರೆ ಮಾತ್ರ ಅದು ಕಳ್ಳತನವೇ.